ಅಳುಕು ಎಂಬ ಒಂದು ಮಾತು

"ಯಾಕೋ ಏನೋ, ಮುಂಜಾನಿಂದ ಒಂದ ನಮೂನಿ ಅಳಕ ಅನಸಾಕತ್ತೈತಿ."

ಈ ಮಾತನ್ನು ನಿಮ್ಮ ಮನೆಯಲ್ಲಿ ಅವ್ವನೋ ಅತ್ತಿಯೋ ಹೆಂಡತಿಯೋ ಒಮ್ಮೆಯಾದರೂ ಆಡಿರುತ್ತಾರೆ. ರೊಟ್ಟಿ ಬಡಿಯುತ್ತಲೋ ಅಕ್ಕಿ ಹಸನು ಮಾಡುತ್ತಲೋ, ಕೈಯಲ್ಲಿ ಕೆಲಸ ಇಟ್ಟುಕೊಂಡೇ ಆಡಿರುತ್ತಾರೆ. ಕೇಳಿದವರು "ಏನೂ ಆಗಂಗಿಲ್ಲ ಬಿಡು" ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೊರಟಿರುತ್ತಾರೆ. ನಾನೂ ಹಾಗೆ ಹೊರಟವನೇ. ಅದಕ್ಕೆ ಇಂದು ಆ ಒಂದು ಶಬ್ದದ ಬಗ್ಗೆ, ಅಂದರೆ ಅಳುಕು ಎಂಬ ಶಬ್ದದ ಬಗ್ಗೆ, ನನಗೆ ತಿಳಿದಷ್ಟನ್ನು ನಿಮ್ಮ ಮುಂದೆ ಇಡುತ್ತೇನೆ.

ನಾನು ಭಾಷಾಪಂಡಿತನಲ್ಲ. ಗಡಹಿಂಗ್ಲಜ ತಾಲೂಕಿನ ಒಂದು ಹಳ್ಳಿಯಲ್ಲಿ ಕನ್ನಡ ಶಾಲೆ ಕಲಿತು, ಮರಾಠಿ ಹೈಸ್ಕೂಲಿನಲ್ಲಿ ಮ್ಯಾಟ್ರಿಕ್ ಪಾಸಾಗಿ, 1981ರಲ್ಲಿ ಇಚಲಕರಂಜಿಯ ಒಂದು ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದವನು. ನಲವತ್ತು ವರ್ಷ ಕೌಂಟರಿನ ಹಿಂದೆ ಕುಳಿತು ಎರಡು ಭಾಷೆಯ ಜನರ ಮಾತು ಕೇಳಿದ್ದೇ ನನ್ನ ವಿದ್ಯೆ. ತಪ್ಪಿದ್ದರೆ ತಿಳಿದವರು ತಿದ್ದಿಕೊಳ್ಳಬೇಕು.

ಮೊದಲು ಶಬ್ದವನ್ನು ನೋಡೋಣ. ಅಳುಕು ಅಚ್ಚಗನ್ನಡ ಶಬ್ದ. ಹಳಗನ್ನಡದಲ್ಲಿ ಇದರ ರೂಪ ಅಳ್ಕು. ಕಾಲಕ್ರಮದಲ್ಲಿ ನಡುವೆ ಒಂದು ಉಕಾರ ಸೇರಿ ಅಳುಕು ಆಯಿತು. ನಮ್ಮ ಗಡಿಯ ಕಡೆ ಬಾಯಿಮಾತಿನಲ್ಲಿ ಅಳಕ ಎನ್ನುತ್ತೇವೆ. ಇದು ಕ್ರಿಯಾಪದವೂ ಹೌದು, ನಾಮಪದವೂ ಹೌದು. "ಅಂವ ಯಾರಿಗೂ ಅಳುಕುವವನಲ್ಲ" ಎಂದರೆ ಕ್ರಿಯೆ. "ಮನಸ್ಸಿನಲ್ಲಿ ಒಂದು ಅಳುಕು ಉಳಿಯಿತು" ಎಂದರೆ ನಾಮ.

ಇದಕ್ಕೆ ಮೂರು ಅರ್ಥ ಬಳಕೆಯಲ್ಲಿವೆ. ಹಳೆಯ ಅರ್ಥ ಹೆದರುವುದು, ನಡುಗುವುದು, ಹಿಂಜರಿಯುವುದು. ಎರಡನೆಯದು ತಪ್ಪು ಮಾಡಿದವನ ಮನಸ್ಸಿನ ಚುಚ್ಚುವಿಕೆ. "ಕಳ್ಳನ ಮನಸ್ಸು ಹುಳ್ಳುಳ್ಳಗೆ" ಎಂದು ಗಾದೆ ಹೇಳುತ್ತದಲ್ಲ, ಅದೇ. "ತಪ್ಪು ಮಾಡಿಲ್ಲ ಅಂದ ಮ್ಯಾಲ ಅಳುಕು ಯಾಕ?" ಎಂದು ಕೇಳುವಾಗ ಈ ಅರ್ಥ ಬರುತ್ತದೆ. ಮೂರನೆಯದು ನಮ್ಮ ಇಂದಿನ ವಿಷಯ. ಮುಂದೆ ಏನೋ ಕೆಟ್ಟದ್ದು ಇದೆ ಎಂದು, ಕಾರಣ ಹೇಳಲು ಬಾರದಿದ್ದರೂ, ಮನಸ್ಸಿಗೆ ಮೊದಲೇ ಅನಿಸುವುದು. ಇಂಗ್ಲಿಷಿನಲ್ಲಿ ಇದಕ್ಕೆ ಫೋರ್‌ಬೋಡಿಂಗ್ ಎನ್ನುತ್ತಾರೆ. ಅದಕ್ಕೆ ಅಪಶಕುನ, ಅನಿಷ್ಟಸೂಚನೆ ಎಂದು ಅರ್ಥ ಹೇಳುವುದುಂಟು. ನನ್ನ ಮೊಮ್ಮಗಳು ಒಮ್ಮೆ ತನ್ನ ಶಾಲೆಯ ಪಾಠದಲ್ಲಿದ್ದ ಈ ಶಬ್ದದ ಅರ್ಥ ಕೇಳಿದಾಗ ನಾನೂ ಅಪಶಕುನ ಎಂದೇ ಹೇಳಿದೆ. ಒಳಗಿನಿಂದ ಅವಳ ಆಯಿ, "ಅಪಶಕುನ ಅಲ್ಲರಿ, ಅಳಕ ಅನ್ರಿ" ಎಂದಳು. ಆಕೆ ನಾಲ್ಕನೆಯ ಇಯತ್ತೆ ಕಲಿತವಳು, ಆದರೆ ಹೇಳಿದ್ದು ಸರಿಯಾಗಿತ್ತು. ಹೇಗೆ ಸರಿ ಎಂಬುದನ್ನು ಮುಂದೆ ಹೇಳುತ್ತೇನೆ.

ಒಂದು ಶಬ್ದದ ಅರ್ಥ ತಿಳಿಯಬೇಕಾದರೆ ಅದರ ನೆರೆಹೊರೆಯ ಶಬ್ದಗಳನ್ನು ನೋಡಬೇಕು. ಬ್ಯಾಂಕಿನ ಉದಾಹರಣೆ ಕೊಡುತ್ತೇನೆ, ನನಗೆ ಗೊತ್ತಿರುವುದು ಅದೇ.

ಹೊಸ ಸಾಹೇಬರು ಸಿಟ್ಟಿನವರು, ಅವರ ಎದುರು ಹೋಗಲು ಕಾಲು ಬರುವುದಿಲ್ಲ. ಇದು ಅಂಜಿಕೆ. ಯಾರಿಗೆ ಅಂಜುತ್ತೀ ಎಂದರೆ ಬೆರಳು ಮಾಡಿ ತೋರಿಸಬಹುದು. ಸಂಜೆ ಐದು ಗಂಟೆಗೆ ಕ್ಯಾಶ್ ಎಣಿಸಿದರೆ ಐನೂರು ರೂಪಾಯಿ ಕಡಿಮೆ ಬಂದಿದೆ. ಇದು ಗಾಬರಿ. ಒಮ್ಮೆಲೇ ಬರುತ್ತದೆ, ಹಣ ಸಿಕ್ಕ ಕೂಡಲೆ ಹೋಗುತ್ತದೆ. ಮುಂದಿನ ತಿಂಗಳು ಮನೆಸಾಲದ ಕಂತು ಇದೆ, ಮಗಳ ಫೀ ಇದೆ. ಇದು ಚಿಂತೆ. ಚಿಂತೆಗೆ ತಾರೀಖು ಇರುತ್ತದೆ, ಮೊತ್ತ ಇರುತ್ತದೆ. ಚೆಕ್ಕಿನ ಮೇಲಿನ ಸಹಿ ನಮೂನೆ ಸಹಿಗೆ ಹೊಂದುವುದಿಲ್ಲ. ಇದು ಸಂಶಯ. ಇದನ್ನು ಕಾಗದದ ಮೇಲೆ ತೋರಿಸಿ ವಾದ ಮಾಡಬಹುದು.

ಈಗ ಐದನೆಯದು. ಸಹಿ ಹೊಂದುತ್ತದೆ, ಖಾತೆಯಲ್ಲಿ ಹಣ ಇದೆ, ತಾರೀಖು ಸರಿ ಇದೆ, ಮುಂದೆ ನಿಂತವರು ಗುರುತಿನವರು. ಎಲ್ಲ ಸರಿ. ಆದರೂ ನೋಟು ಎಣಿಸಿದ ಕೈ ಮುಂದೆ ಹೋಗುವುದಿಲ್ಲ. ಇದು ಅಳುಕು.

"ಅಂಜದೆ ಅಳುಕದೆ" ಎಂದು ನಾವು ಜೋಡಿಯಾಗಿ ಆಡುತ್ತೇವೆ. ಒಂದೇ ಅರ್ಥವನ್ನು ಎರಡು ಸಲ ಹೇಳಿದಂತೆ ಕಾಣುತ್ತದೆ. ನನ್ನ ಮಟ್ಟಿಗೆ ಹಾಗಲ್ಲ. ಅಂಜುವುದು ಹೊರಗಿನದಕ್ಕೆ, ಅಳುಕುವುದು ಒಳಗಿನದಕ್ಕೆ. ಇನ್ನೊಂದು ಮಾತು ಗಮನಿಸಿರಿ. "ನನಗೆ ಹಸಿವೆ ಆಗಿದೆ, ನನಗೆ ನಿದ್ದೆ ಬಂದಿದೆ" ಎನ್ನುವ ಹಾಗೆಯೇ "ನನಗೆ ಅಳುಕಾಗಿದೆ" ಎನ್ನುತ್ತೇವೆ. ಅದು ನಾವು ಮಾಡುವ ಕೆಲಸವಲ್ಲ, ನಮಗೆ ಬರುವಂಥದು. ಆದ್ದರಿಂದ "ಅಳುಕಬೇಡ" ಎಂದು ಹೇಳಿದ ಮಾತ್ರಕ್ಕೆ ಅದು ಹೋಗುವುದಿಲ್ಲ. ಹಸಿದವನಿಗೆ "ಹಸಿಯಬೇಡ" ಎಂದರೆ ಹೊಟ್ಟೆ ತುಂಬೀತೇ?

ನಾವು ಗಡಿಯ ಜನ, ಬಾಯಲ್ಲಿ ಎರಡು ಭಾಷೆ. ಮರಾಠಿಯಲ್ಲಿ ಇದರ ಹತ್ತಿರ ಬರುವ ಶಬ್ದಗಳು ಕೆಲವಿವೆ. ಪರೀಕ್ಷೆಯ ನಿಕಾಲಿಗೆ ಮುನ್ನ ಎದೆ ಹೊಡೆದುಕೊಳ್ಳುವುದು ಧಾಕಧೂಕ. ದೂರ ಹೋದ ಮಗನ ಬಗ್ಗೆ ಮನಸ್ಸು ನಿಲ್ಲದೆ ತಳಮಳಿಸುವುದು ಹುರಹೂರ. ದೊಡ್ಡ ಭೀತಿ ಹಿಡಿದು ಕೂತರೆ ಧಾಸ್ತಿ. ಇವನ್ನೆಲ್ಲ ನಾವು ಕನ್ನಡದಲ್ಲಿಯೂ ಎರವಲು ತಂದು ಬಳಸುತ್ತೇವೆ, ತಪ್ಪಿಲ್ಲ. ಆದರೆ ಒಂದೇ ರೂಪ ಇದ್ದು ಅರ್ಥ ಬೇರೆ ಇದ್ದಾಗ ಪೇಚಾಗುತ್ತದೆ. ಕನ್ನಡದ ಕಳವಳ ಎಂದರೆ ಮನಸ್ಸಿನ ತಳಮಳ. ಮರಾಠಿಯ ಕಳವಳಾ ಎಂದರೆ ಇನ್ನೊಬ್ಬರ ಮೇಲಿನ ಕನಿಕರ, ಅಂತಃಕರಣ. ನಾನು ಕೆಲಸಕ್ಕೆ ಹೊಸಬನಾಗಿದ್ದಾಗ ಹಿರಿಯ ಗ್ರಾಹಕರೊಬ್ಬರು ನಮ್ಮ ಸಾಹೇಬರನ್ನು ಹೊಗಳಿ, ಅವರಿಗೆ ಬಡವರ ಬಗ್ಗೆ ಬಹಳ ಕಳವಳಾ ಇದೆ ಎಂದರು. ಬಡವರು ಸಾಲ ತೀರಿಸುವುದಿಲ್ಲವೆಂದು ಸಾಹೇಬರು ಹೆದರಿದ್ದಾರೆ ಎಂದು ನಾನು ತಿಳಿದುಕೊಂಡೆ!

ಇನ್ನು ಹಲ್ಲಿಯ ಮಾತು. ಮರಾಠಿಯಲ್ಲಿ ಮನಸ್ಸಿಗೆ ಅಳುಕು ಬಂದರೆ "ಮನಾತ ಶಂಕೇಚೀ ಪಾಲ ಚುಕಚುಕಲೀ" ಎನ್ನುತ್ತಾರೆ. ಮನಸ್ಸಿನಲ್ಲಿ ಶಂಕೆಯ ಹಲ್ಲಿ ಲೊಚಗುಟ್ಟಿತು ಎಂದು ಅರ್ಥ. ನಮ್ಮ ಕನ್ನಡ ಮನೆಗಳಲ್ಲಿ ಮಾತಾಡುವಾಗ ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿದರೆ, "ನೋಡು, ಹಲ್ಲಿ ನುಡೀತು, ಖರೇ ಐತಿ" ಎಂದು ನೆಲಕ್ಕೆ ಬೆರಳು ತಟ್ಟುತ್ತೇವೆ. ಒಂದೇ ಗೋಡೆ, ಒಂದೇ ಹಲ್ಲಿ. ಒಂದು ನುಡಿಗಟ್ಟಿನಲ್ಲಿ ಅದು ಶಂಕೆ ಹುಟ್ಟಿಸುತ್ತದೆ, ಇನ್ನೊಂದರಲ್ಲಿ ಶಂಕೆ ಕಳೆಯುತ್ತದೆ. ಹಲ್ಲಿಗೆ ಇದಾವುದೂ ಗೊತ್ತಿಲ್ಲ.

ಹೀಗೆ ನಾವು ಶಕುನದ ಬಾಗಿಲಿಗೆ ಬಂದೆವು. ಶಕುನ ಸಂಸ್ಕೃತ ಶಬ್ದ. ಅದರ ಮೂಲ ಅರ್ಥ ಹಕ್ಕಿ. ಹಕ್ಕಿ ಯಾವ ಕಡೆ ಹಾರಿತು, ಯಾವ ಕಡೆ ಕೂಗಿತು ಎಂದು ನೋಡಿ ಶುಭಾಶುಭ ಹೇಳುತ್ತಿದ್ದುದರಿಂದ ಆ ಹೆಸರೇ ಸೂಚನೆಗೆ ಬಂದಿತು. ದೂರದ ರೋಮ್ ದೇಶದಲ್ಲಿಯೂ ಹೀಗೆಯೇ ಇತ್ತು. ಇಂಗ್ಲಿಷಿನಲ್ಲಿ ಶುಭ ಎನ್ನಲು ಆಸ್ಪಿಶಸ್ ಎನ್ನುತ್ತಾರಲ್ಲ, ಅದು ಲ್ಯಾಟಿನ್ನಿನ ಹಕ್ಕಿ ನೋಡುವವನು ಎಂಬ ಶಬ್ದದಿಂದ ಬಂದದ್ದು. ನಮ್ಮಲ್ಲಿ ಬೆಳಗಿನ ಜಾವ ಬುಡಬುಡಿಕೆಯವರು ಬಂದು "ಹಾಲಕ್ಕಿ ನುಡಿದೈತಿ" ಎಂದು ಹೇಳುತ್ತಿದ್ದುದು ಹಳಬರಿಗೆ ನೆನಪಿದೆ. ಹಾಲಕ್ಕಿ ಎಂದರೆ ಮೈಮೇಲೆ ಚುಕ್ಕೆಗಳಿರುವ ಒಂದು ಸಣ್ಣ ಗೂಬೆ. ಅದನ್ನೇ ಮರಾಠಿಯಲ್ಲಿ ಪಿಂಗಳಾ ಎನ್ನುತ್ತಾರೆ. ಅಲ್ಲಿಯೂ ನಸುಕಿನಲ್ಲಿ ಬಂದು ಭವಿಷ್ಯ ಹೇಳುವ ಜೋಶಿಗೆ ಆ ಹಕ್ಕಿಯ ಹೆಸರೇ ಬಿದ್ದಿದೆ, ಪಿಂಗಳಾ ಎಂದು.

ಅಳುಕು ಮತ್ತು ಅಪಶಕುನ ಇವೆರಡರ ವ್ಯತ್ಯಾಸ ಈಗ ಸ್ಪಷ್ಟವಾಗುತ್ತದೆ. ಅಳುಕು ನಮ್ಮ ಒಳಗೆ ಇರುತ್ತದೆ. ಅಪಶಕುನ ಹೊರಗೆ ಇರುತ್ತದೆ, ಬೆಕ್ಕಿನ ಮೇಲೆ, ಗೂಬೆಯ ಮೇಲೆ, ಸೀನಿನ ಮೇಲೆ. ಅಳುಕಿಗೆ ಪಟ್ಟಿ ಇಲ್ಲ. ಅಪಶಕುನಕ್ಕೆ ಪಟ್ಟಿ ಇದೆ. ಮೈಯ ಯಾವ ಭಾಗಕ್ಕೆ ಹಲ್ಲಿ ಬಿದ್ದರೆ ಏನು ಫಲ ಎಂದು ಪಂಚಾಂಗದಲ್ಲಿ ಅಚ್ಚು ಹಾಕಿಸಿರುತ್ತಾರೆ. ಎಡಗಣ್ಣು ಅದುರಿದರೆ ಹೆಂಗಸಿಗೆ ಒಳ್ಳೆಯದು, ಗಂಡಸಿಗೆ ಕೆಟ್ಟದ್ದು. ಇದು ಮನಸ್ಸಿಗೆ ಅನಿಸಿದ್ದಲ್ಲ, ಬಾಯಿಪಾಠ ಮಾಡಿದ್ದು. ಈ ಪಟ್ಟಿ ಬೆಕ್ಕು ಹಲ್ಲಿಗಳಿಗೇ ಮುಗಿದಿದ್ದರೆ ನಾನು ಇಷ್ಟು ಹೇಳುತ್ತಿರಲಿಲ್ಲ. ಆ ಪಟ್ಟಿಯಲ್ಲಿ ಮನುಷ್ಯರೂ ಇದ್ದರು.

ನಮ್ಮ ಮನೆಯಲ್ಲಿ ನನ್ನ ಸೋದರತ್ತಿ ಇದ್ದಳು. ಹತ್ತೊಂಬತ್ತನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಮಿರಗದ ಮಳೆಯಲ್ಲಿ ಹಿರಣ್ಯಕೇಶಿ ದಾಟುವಾಗ ಆತ ನೀರಿನ ಪಾಲಾಗಿದ್ದ. ನನ್ನನ್ನು ಎತ್ತಿ ಆಡಿಸಿದವಳು, ಶಾಲೆಗೆ ಕೈ ಹಿಡಿದು ಕಳಿಸಿದವಳು ಆಕೆಯೇ. 1981ರ ಜೂನಿನಲ್ಲಿ ನಾನು ಕೆಲಸಕ್ಕೆ ಸೇರಲು ಹೊರಡುವ ಹಿಂದಿನ ರಾತ್ರಿ ಬುತ್ತಿ ಕಟ್ಟುತ್ತ, "ತಮ್ಮಾ, ನನಗ್ಯಾಕೋ ಅಳಕ ಆಗೇತಿ. ಮಳಿ ಹೆಚ್ಚಾಗೇತಿ. ಹೊಳಿ ನೋಡಿ ದಾಟು" ಎಂದಳು. ನಾನು "ಹೂಂ" ಅಂದೆ.

ಮರುದಿನ ಬೆಳಿಗ್ಗೆ ಮನೆಯವರು ಶಕುನದ ವ್ಯವಸ್ಥೆ ಮಾಡಿದ್ದರು. ಓಣಿಯ ಮುತ್ತೈದೆಯೊಬ್ಬಳು ತುಂಬಿದ ಕೊಡ ಹೊತ್ತು ಎದುರಿಗೆ ಬಂದಳು. ಅತ್ತಿಗೆ ಹಿತ್ತಲಿನಲ್ಲಿ ಇರಲು ಹೇಳಿದ್ದರು. ಯಾರೂ ಜೋರು ಮಾಡಿ ಹೇಳಿರಲಿಲ್ಲ. ಆಕೆಯೂ ಬೇಸರ ತೋರಿಸಲಿಲ್ಲ, ಅದು ರೂಢಿಯಾಗಿತ್ತು. ನಾನು ಆಕೆಯ ಕಾಲು ಮುಟ್ಟದೆ, ಮುಖ ನೋಡದೆ ಹೊರಟೆ. ಆಕೆ ಕಟ್ಟಿದ ಬುತ್ತಿ ಮಾತ್ರ ಕೈಯಲ್ಲಿತ್ತು. ಬಂಧಾರಾ ಮೇಲೆ ನೀರು ಹರಿಯುತ್ತಿತ್ತು, ನಾಲ್ಕು ಜನ ಕೈಕೈ ಹಿಡಿದುಕೊಂಡು ದಾಟಿದೆವು. ಏನೂ ಆಗಲಿಲ್ಲ. ಗಡಹಿಂಗ್ಲಜಕ್ಕೆ ಬಂದು ಎಸ್.ಟಿ. ಹತ್ತಿದೆ. ತುಂಬಿದ ಕೊಡದ ಶಕುನ ಎಷ್ಟು ಒಳ್ಳೆಯದಾಯಿತೆಂದರೆ, ಮೊದಲ ತಿಂಗಳಲ್ಲಿಯೇ ನನ್ನ ಕ್ಯಾಶಿನಲ್ಲಿ ನೂರು ರೂಪಾಯಿ ಕಡಿಮೆ ಬಂದು ಪಗಾರದಿಂದ ಕೊಟ್ಟೆ.

ಈ ಮಾತು ನೆನಪಾದಾಗಲೆಲ್ಲ ನನಗೆ ಒಂದು ವಿಚಾರ ಬರುತ್ತದೆ. ಆ ದಿನ ಮನೆಯಲ್ಲಿ ಹೊಳೆಯ ಬಗ್ಗೆ ತಿಳಿದು ಅಳುಕಿದವಳು ಒಬ್ಬಳೇ, ನಮ್ಮ ಅತ್ತಿ. ಆಕೆಯ ಅಳುಕಿಗೆ ಕಾರಣ ಇತ್ತು, ಆಕೆ ಹೊಳೆಗೆ ಗಂಡನನ್ನು ಕೊಟ್ಟವಳು. ಅವಳ ಅಳುಕನ್ನು ಕೇಳಬೇಕಾದ ನಾವು ಅವಳನ್ನೇ ಅಪಶಕುನ ಮಾಡಿ ಹಿತ್ತಲಿಗೆ ಕಳಿಸಿದೆವು. ಎರಡು ಶಬ್ದಗಳ ವ್ಯತ್ಯಾಸ ತಿಳಿಯದಿದ್ದರೆ ಆಗುವ ಅನ್ಯಾಯ ಇದು.

ನಮ್ಮ ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರು 1917ರಲ್ಲಿಯೇ ವಿಧವಾ ಪುನರ್ವಿವಾಹಕ್ಕೆ ಕಾನೂನಿನ ಆಧಾರ ಕೊಟ್ಟಿದ್ದರು. ಆದರೂ ಹಿತ್ತಲಿನ ರೂಢಿ ಉಳಿದೇ ಇತ್ತು. ಮಹಾರಾಜರು ತೀರಿ ನೂರು ವರ್ಷ ತುಂಬಿದ 2022ರ ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯದೇ ಶಿರೋಳ ತಾಲೂಕಿನ ಹೇರವಾಡ ಗ್ರಾಮ ಪಂಚಾಯತಿ ಒಂದು ಠರಾವು ಮಾಡಿತು. ಗಂಡ ಸತ್ತಾಗ ಹೆಂಗಸಿನ ಬಳೆ ಒಡೆಯುವುದು, ಕುಂಕುಮ ಒರೆಸುವುದು, ತಾಳಿ ಕಾಲುಂಗುರ ತೆಗೆಸುವುದು ಇನ್ನು ಊರಲ್ಲಿ ಬೇಡ ಎಂದು. ಅದೇ ತಿಂಗಳು ಮಹಾರಾಷ್ಟ್ರ ಸರಕಾರ ಉಳಿದ ಪಂಚಾಯತಿಗಳೂ ಹಾಗೆ ಮಾಡಲಿ ಎಂದು ಸುತ್ತೋಲೆ ಹೊರಡಿಸಿತು. ಆ ಸುದ್ದಿ ಓದಿದ ದಿನ ನನಗೆ ನಮ್ಮ ಅತ್ತಿಯ ನೆನಪಾಯಿತು. ಆಕೆ 1996ರಲ್ಲಿ ತೀರಿಕೊಂಡಿದ್ದಳು.

ಈಗ ಅಳುಕು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ. ಕೆಲವರು ದೇವರ ಸೂಚನೆ ಎನ್ನುತ್ತಾರೆ, ಕೆಲವರು ಬರೇ ಭ್ರಮೆ ಎನ್ನುತ್ತಾರೆ. ನಾನು ಕಂಡದ್ದು ಬೇರೆ. ಇಚಲಕರಂಜಿ ಮಗ್ಗಗಳ ಊರು. ಹಗಲು ರಾತ್ರಿ ಪವರ್‌ಲೂಮಿನ ಖಡಖಡ ಸಪ್ಪಳ. ಹೊಸಬರಿಗೆ ಆ ಸಪ್ಪಳದಲ್ಲಿ ನಿದ್ದೆ ಬರುವುದಿಲ್ಲ, ನಮಗೆ ಸಪ್ಪಳ ನಿಂತರೆ ಎಚ್ಚರವಾಗುತ್ತದೆ. ಹಳೆಯ ನೇಕಾರನೊಬ್ಬ ನನಗೆ ಹೇಳುತ್ತಿದ್ದ: ಮಗ್ಗ ಕೆಡುವುದಕ್ಕೆ ಮೊದಲು ಅವನಿಗೆ ಅಳುಕು ಆಗುತ್ತಿತ್ತಂತೆ. ಎದ್ದು ಹೋಗಿ ನೋಡಿದರೆ ಲಾಳಿ ಸರಿಯಾಗಿ ಓಡುತ್ತಿರುವುದಿಲ್ಲ, ಇಲ್ಲವೆ ಎಲ್ಲಿಯೋ ಒಂದು ಬೋಲ್ಟು ಸಡಿಲಾಗಿರುತ್ತದೆ. ಇದರಲ್ಲಿ ದೆವ್ವ ದೇವರು ಯಾವುದೂ ಇಲ್ಲ. ಸಪ್ಪಳ ಬದಲಾದದ್ದನ್ನು ಅವನ ಕಿವಿ ಕೇಳಿತ್ತು, ಮನಸ್ಸಿಗೆ ಇನ್ನೂ ಮುಟ್ಟಿರಲಿಲ್ಲ.

ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ಒಬ್ಬ ಮುದುಕಿ ನಮ್ಮಲ್ಲಿಗೆ ತಿಂಗಳಿಗೊಮ್ಮೆ ಬರುತ್ತಿದ್ದಳು. ಇನ್ನೂರು ರೂಪಾಯಿ ತೆಗೆದರೂ ಮೂರು ಸಲ ಎಣಿಸಿ ಸೆರಗಿಗೆ ಗಂಟು ಹಾಕುವಳು. ಒಂದು ದಿನ ಬಳಗದವನೊಬ್ಬನ ಜೊತೆ ಬಂದು ಇದ್ದ ಹಣವನ್ನೆಲ್ಲ ತೆಗೆದಳು. ಹೆಬ್ಬೆಟ್ಟಿನ ಗುರುತು ಸರಿ ಇತ್ತು, ಸಾಕ್ಷಿ ಸಹಿ ಇತ್ತು. ನನಗೆ ಅಳುಕಾಯಿತು. ಆದರೆ ಸಾಲು ಉದ್ದವಿತ್ತು, ನಿಯಮ ಪೂರ್ಣವಾಗಿತ್ತು, ಕೊಟ್ಟುಬಿಟ್ಟೆ. ಮೂರು ದಿನಕ್ಕೆ ಆಕೆ ಒಬ್ಬಳೇ ಬಂದು ಕೌಂಟರಿನ ಮುಂದೆ ಅಳುತ್ತ ನಿಂತಳು. ಹಣವೂ ಇರಲಿಲ್ಲ, ಆ ಮನುಷ್ಯನೂ ಇರಲಿಲ್ಲ. ಅಂದು ರಾತ್ರಿ ಮಲಗಿದಾಗ ನನಗೆ ಹೊಳೆಯಿತು, ನನ್ನ ಅಳುಕಿನ ಕಾರಣ ಏನೆಂದು. ಅವತ್ತು ಆಕೆ ಹಣ ಎಣಿಸಿರಲಿಲ್ಲ. ನೋಟಿನ ಕಡೆ ನೋಡಿಯೂ ಇರಲಿಲ್ಲ. ನನ್ನ ಕಣ್ಣು ಅದನ್ನು ಕಂಡಿತ್ತು. "ಆಯಿ, ಒಳಗ ಬಂದು ಕುಂಡ್ರು, ಎಣಿಸು" ಎಂದು ಎರಡು ಮಾತಾಡಿಸಿದ್ದರೆ ಸಾಕಾಗಿತ್ತು.

ಹಾಗಾದರೆ ಬಂದ ಅಳುಕೆಲ್ಲ ಖರೆಯೇ? ಇಲ್ಲ. ಮಗ ಬರುವ ಬಸ್ಸು ಒಂದು ತಾಸು ತಡವಾದರೆ ಬರುವ ಅಳುಕುಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಸುಳ್ಳೇ ಆಗುತ್ತವೆ, ಆಗಲಿ ಎಂದೇ ನಮ್ಮ ಹಾರೈಕೆ. ಸುಳ್ಳಾದವುಗಳನ್ನು ನಾವು ಮರೆಯುತ್ತೇವೆ, ಖರೆಯಾದ ಒಂದನ್ನು ಜೀವಮಾನವೆಲ್ಲ ಹೇಳುತ್ತೇವೆ. ಆದ್ದರಿಂದ ಅಳುಕನ್ನು ಭವಿಷ್ಯ ಎಂದು ನಂಬಬಾರದು. ಅದು ಒಂದು ಪ್ರಶ್ನೆ. ಪ್ರಶ್ನೆಗೆ ಹೆದರಬೇಕಾಗಿಲ್ಲ, ಉತ್ತರ ಹುಡುಕಬೇಕು.

ಇದನ್ನು ನಾನು ಬಹಳ ತಡವಾಗಿ ಕಲಿತೆ. 2019ರ ಆಗಸ್ಟ್ ತಿಂಗಳು. ಪಂಚಗಂಗೆಗೆ ಮಹಾಪೂರ ಬಂದ ವರ್ಷ. ನಮ್ಮ ಮನೆ ಆಗ ಇಚಲಕರಂಜಿಯಲ್ಲಿ ಹೊಳೆಯ ಕಡೆಗಿನ ತಗ್ಗಿನಲ್ಲಿ ಇತ್ತು. ನಾಗರ ಪಂಚಮಿಯ ದಿನ ಹೆಂಡತಿ ಉಂಡಿ ಕಟ್ಟುತ್ತ, "ಏನ್ರಿ, ನನಗ್ಯಾಕೋ ಅಳಕ ಆಗಾಕತ್ತೈತಿ. ಇವತ್ತ ಮ್ಯಾಲಿನ ಓಣಿ ಮಗಳ ಮನಿಗೆ ಹೋಗೂಣು" ಎಂದಳು. ನಾನು ನಕ್ಕೆ. "2005ರಾಗ ನಮ್ಮ ಕಟ್ಟಿಗೆ ಬಂದು ನಿಂತಿತ್ತು. ಅದಕ್ಕಿಂತ ಮ್ಯಾಲ ಬರಂಗಿಲ್ಲ" ಎಂದೆ. ಲೆಕ್ಕದ ಮನುಷ್ಯ ನಾನು, ಹಿಂದಿನ ಪುಟ ನೋಡಿ ಮುಂದಿನ ಪುಟ ಬರೆದೆ.

ಕೊಲ್ಹಾಪುರದ ರಾಜಾರಾಮ ಬಂಧಾರಾ ಹತ್ತಿರ ಪಂಚಗಂಗೆಯ ನೀರು ಅಳೆಯುತ್ತಾರೆ. ಅಲ್ಲಿ 39 ಅಡಿಗೆ ಇಶಾರಾ ಪಾತಳಿ, 43 ಅಡಿಗೆ ಧೋಕಾ ಪಾತಳಿ. ಇಶಾರೆ ಎಂದರೆ ಎಚ್ಚರಿಕೆ, ಧೋಕಾ ಎಂದರೆ ಅಪಾಯ. ಆ ವರ್ಷ ನೀರು 55 ಅಡಿ ದಾಟಿತು. ಪುಣೆ–ಬೆಂಗಳೂರು ಹೆದ್ದಾರಿ ಶಿರೋಲಿಯ ಹತ್ತಿರ ದಿನಗಟ್ಟಲೆ ಬಂದಾಯಿತು. 2005ರ ಗುರುತು ನಂಬಿ ಕೂತವರು ನಾನೊಬ್ಬನೇ ಅಲ್ಲ, ಹೊಳೆಸಾಲಿನ ಎಷ್ಟೋ ಊರಿನ ಜನ ಹಾಗೆಯೇ ಕೂತು ಸಿಕ್ಕಿಬಿದ್ದರು. ನಾವು ಮೊಣಕಾಲುಮಟ್ಟ ನೀರಿನಲ್ಲಿ, ಕತ್ತಲಲ್ಲಿ, ಉಟ್ಟ ಬಟ್ಟೆಯಲ್ಲಿ ಹೊರಬಿದ್ದೆವು. ಜೀವಕ್ಕೆ ಏನೂ ಆಗಲಿಲ್ಲ. ಆದರೆ ಕೆಳಗಿನ ಟ್ರಂಕು ನೀರಲ್ಲಿ ಉಳಿಯಿತು. ಅದರಲ್ಲಿ ನಮ್ಮ ಅತ್ತಿಯ ಒಂದು ಸೀರೆ ಮತ್ತು ಆಕೆ ನನಗೆ ಬರೆಸಿದ ಕಾರ್ಡುಗಳಿದ್ದವು. ಆಕೆಗೆ ಓದು ಬರಹ ಇರಲಿಲ್ಲ. ಓಣಿಯ ಶಾಲೆಯ ಹುಡುಗರ ಕೈಯಿಂದ ಬರೆಸುತ್ತಿದ್ದಳು. ಮಳೆಗಾಲದ ಕಾರ್ಡುಗಳೆಲ್ಲ ಒಂದೇ ಮಾತಿನಿಂದ ಮುಗಿಯುತ್ತಿದ್ದವು: ಹೊಳಿ ನೋಡಿ ದಾಟು. ನೀರು ಇಳಿದ ಮೇಲೆ ಟ್ರಂಕು ತೆರೆದರೆ ಕಾರ್ಡುಗಳು ಒಂದಕ್ಕೊಂದು ಅಂಟಿಕೊಂಡು ಶಾಯಿ ಎಲ್ಲ ಹರಡಿತ್ತು. ಒಂದಕ್ಷರವೂ ಓದಲು ಬರಲಿಲ್ಲ.

ಎಂಟು ದಿನ ಬಿಟ್ಟು ಹೆಂಡತಿಯನ್ನು ಕೇಳಿದೆ, "ಅವತ್ತ ನಿನಗ ಅಳಕ ಯಾಕ ಆತು?" ಆಕೆ ಸ್ವಲ್ಪ ಹೊತ್ತು ಯೋಚಿಸಿ ಹೇಳಿದಳು. "ಗಟಾರದ ನೀರು ಮುಂದಕ ಹೋಗತಿದ್ದಿಲ್ಲರಿ, ಹಿಂದಕ ಬರತಿತ್ತು. ಕೆಳಗಿನ ಮನಿಯವರು ಎಮ್ಮಿ ಬಿಚ್ಚಿಕೊಂಡು ಹ್ವಾದ್ರು. 2005ರಾಗ ಅವರು ಹೋಗಿದ್ದಿಲ್ಲ." ನೋಡಿರಿ, ಎಲ್ಲ ಇತ್ತು. ನಾನು ಕೇಳಿರಲಿಲ್ಲ, ಅಷ್ಟೇ. ಹೊಳೆಗೆ 39 ಅಡಿಯ ಇಶಾರೆ ಇರುವಂತೆ ಮನೆಗೆ ಆಕೆಯ ಅಳುಕು ಇಶಾರೆಯಾಗಿತ್ತು.

2021ರ ಜುಲೈಯಲ್ಲಿ ಮತ್ತೆ ಮಹಾಪೂರ ಬಂದಿತು. ಆ ಸಲ ನಾನೇ ಕೇಳಿದೆ, "ಅಳಕ ಐತೇನು?" ಆಕೆ "ಐತ್ರಿ" ಎಂದಳು. "ಏನ ಕಂಡಿ?" ಎಂದೆ. ಕಂಡದ್ದು ಹೇಳಿದಳು. ರೇಡಿಯೋ ಹಚ್ಚಿ ಹೊಳೆಯ ಅಡಿ ಎಷ್ಟೆಂದು ಕೇಳಿಕೊಂಡೆವು. ಹಗಲಿರುವಾಗಲೇ ಸಾಮಾನು ಕಟ್ಟಿಕೊಂಡು ಮಗಳ ಮನೆ ಸೇರಿದೆವು.

ಕೊನೆಗೆ ಒಂದು ಮಾತು. ಈಗ ನಮ್ಮ ಮಕ್ಕಳು ಮೊಮ್ಮಕ್ಕಳು ಅಳುಕು ಎನ್ನುವುದಿಲ್ಲ. ಅಂಜಿಕೆ, ಚಿಂತೆ, ಗಾಬರಿ ಎನ್ನುವುದೂ ಕಡಿಮೆಯಾಗಿದೆ. ಎಲ್ಲಕ್ಕೂ ಸೇರಿ ಟೆನ್ಶನ್ ಎಂಬ ಒಂದೇ ಶಬ್ದ. ಪರಭಾಷೆಯ ಶಬ್ದ ಎಂದು ನನಗೆ ಬೇಸರವಿಲ್ಲ, ನಾವು ಗಡಿಯವರು ಅಷ್ಟು ಮಡಿವಂತರಲ್ಲ. ಆದರೆ ಒಂದು ನಷ್ಟವಿದೆ. "ಟೆನ್ಶನ್ ಆಗೇತಿ" ಎಂದರೆ ಎದುರಿನವರು "ಟೆನ್ಶನ್ ತೊಗೋಬ್ಯಾಡ" ಎನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯಿತು. "ಅಳಕ ಆಗೇತಿ" ಎಂದರೆ "ಯಾಕ?" ಎಂದು ಕೇಳಬೇಕಾಗುತ್ತದೆ. ಆ ಶಬ್ದದಲ್ಲಿಯೇ ಆ ಪ್ರಶ್ನೆ ಇದೆ.

ಆದ್ದರಿಂದ ನಿಮ್ಮ ಮನೆಯಲ್ಲಿ ಯಾರಾದರೂ ಅಳಕ ಎಂದರೆ ದಯಮಾಡಿ ಎರಡು ಕೆಲಸ ಮಾಡಬೇಡಿರಿ. ಬೆಕ್ಕು ಹಲ್ಲಿಗಳ ಮೇಲೆ, ಯಾವ ಹೆಣ್ಣುಮಗಳ ಮೇಲೆ ಅದನ್ನು ಹಾಕಬೇಡಿರಿ. "ಏನೂ ಆಗಂಗಿಲ್ಲ ಬಿಡು" ಎಂದು ಹೊರಗೂ ಹೋಗಬೇಡಿರಿ. ಎರಡು ನಿಮಿಷ ಕೂತು, "ಏನ ಕಂಡಿ? ಏನ ಕೇಳಿದಿ?" ಎಂದು ಕೇಳಿರಿ. ಕಾರಣ ಸಿಕ್ಕರೆ ಉಪಾಯ ಮಾಡಬಹುದು. ಸಿಗದಿದ್ದರೂ ನಷ್ಟವಿಲ್ಲ, ಹೇಳಿದವರ ಮನಸ್ಸು ಹಗುರಾಗುತ್ತದೆ.

ನಮ್ಮ ಅತ್ತಿಯನ್ನು ನಾನು ಅಷ್ಟು ಕೇಳಿರಲಿಲ್ಲ. ನೀವು ಕೇಳಿರಿ.